ಮುಪ್ಪಿನಲ್ಲಿ ಬೀಳದಿರುವ ಬಗೆ

ಶರಣರು ಕಾಯಕವನ್ನು ಹೊಟ್ಟೆಪಾಡಿನ ಉಪಾಯವೆಂದಷ್ಟೇ ಎಣಿಸಲಿಲ್ಲ. ತನ್ನ ಕೈಕಾಲುಗಳಿಂದ ತಾನು ದುಡಿದು, ದುಡಿದುದನ್ನು ದಾಸೋಹಕ್ಕೆ ಸಲ್ಲಿಸುವದರಲ್ಲಿ ಮನುಷ್ಯನ ಘನತೆಯನ್ನು ಅವರು ಕಂಡರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ಮೇದಾರ ಕೇತಯ್ಯನವರು ಬಿದಿರು ಹೆಣೆದರು. ಈ ತತ್ತ್ವವನ್ನು ಒಪ್ಪಿದ ಗೃಹಸ್ಥನು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮುಪ್ಪಡರಿ ಮೈಯಲ್ಲಿ ಕಸುವು ಕುಂದಿದ ಮೇಲೆ ಕಾಯಕವು ಯಾವದು?

‘ಇನ್ನೇನು, ಮೂಲೆಯಲ್ಲಿ ಕುಳಿತು ಶಿವಧ್ಯಾನ ಮಾಡುವದು’ ಎಂದು ಹೇಳಿಬಿಡುವದು ಸುಲಭ. ಆದರೆ ವಿಚಾರ ಮಾಡಿ ನೋಡಿರಿ. ಮುಂಜಾನೆ ತಾನೇ ಎದ್ದು, ತಾನೇ ಸ್ನಾನ ಮಾಡಿ, ವಿಭೂತಿಯನ್ನು ಧರಿಸಿ, ಹಿತ್ತಲಿನಿಂದ ನಾಲ್ಕು ಪತ್ರಿ-ಪುಷ್ಪಗಳನ್ನು ತಂದು, ನೆಲದ ಮೇಲೆ ಕುಳಿತು ಲಿಂಗಪೂಜೆಯನ್ನು ಮುಗಿಸಿ, ಮತ್ತೆ ಎದ್ದು ನಿಲ್ಲುವದಿದೆಯಲ್ಲ, ಎಂಬತ್ತರ ವೃದ್ಧರ ಪಾಲಿಗೆ ಅದೇ ದೊಡ್ಡ ಕಾಯಕ. ತನ್ನ ನಿತ್ಯಕರ್ಮಗಳಿಗೆ ಪರರ ಕೈಯನ್ನು ಕಾಯದೆ ಇರುವದೇ ಅವರ ಸ್ವಾತಂತ್ರ್ಯ. ಈ ಸ್ವಾತಂತ್ರ್ಯವನ್ನು ಒಂದೇ ಗಳಿಗೆಯಲ್ಲಿ ಕಸಿದುಕೊಳ್ಳುವ ಶತ್ರುವೊಂದಿದೆ. ಅದು ಬಚ್ಚಲಲ್ಲಿಯೋ, ಹೊಸ್ತಿಲಲ್ಲಿಯೋ, ನಡುರಾತ್ರಿಯ ಕತ್ತಲೆಯಲ್ಲಿಯೋ ಕಾಲು ಜಾರಿ ಬೀಳುವದು. ಈ ಪಾಠದಲ್ಲಿ ಅದನ್ನು ತಡೆಯುವ ಬಗೆಯನ್ನು ಕ್ರಮವಾಗಿ ನೋಡೋಣ.

೧. ಇದು ಸಣ್ಣ ಮಾತಲ್ಲ

ಮುದುಕರು ಬೀಳುವದು ಸಹಜವೆಂದು ನಾವು ಎಣಿಸಿದ್ದೇವೆ. ಸಹಜವೆಂದು ಎಣಿಸಿದುದಕ್ಕೆ ಯಾರೂ ಉಪಾಯವನ್ನು ಹುಡುಕುವದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು ೬ ಲಕ್ಷ ೮೪ ಸಾವಿರ ಜನರು ಬಿದ್ದ ಕಾರಣದಿಂದ ಮರಣ ಹೊಂದುತ್ತಾರೆ. ಅವರಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಜನರು ನಮ್ಮಂಥ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳವರು. ಅದೇ ಸಂಸ್ಥೆಯು ೨೦೦೭ರಲ್ಲಿ ಹೊರಡಿಸಿದ ವರದಿಯ ಮೇರೆಗೆ ೬೫ ವರ್ಷ ಮೀರಿದವರಲ್ಲಿ ನೂರಕ್ಕೆ ೨೮ರಿಂದ ೩೫ ಜನರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ೭೦ ಮೀರಿದ ಮೇಲೆ ಈ ಪ್ರಮಾಣವು ಇನ್ನೂ ಏರುತ್ತದೆ. ೨೦೧೧ರ ಜನಗಣತಿಯಲ್ಲಿಯೇ ನಮ್ಮ ದೇಶದ ೬೦ ಮೀರಿದವರ ಸಂಖ್ಯೆ ೧೦ ಕೋಟಿಯನ್ನು ದಾಟಿತ್ತು. ಆದುದರಿಂದ ಈ ವಿಷಯವು ಸಂಬಂಧಿಸದ ಮನೆಯೇ ಇಲ್ಲವೆನ್ನಬಹುದು.

ಮುಪ್ಪಿನಲ್ಲಿ ಎಲುಬು ಒಳಗೊಳಗೇ ಸವೆದು ಟೊಳ್ಳಾಗುತ್ತ ಬರುತ್ತದೆ. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಈ ಸವೆತವು ವೇಗವಾಗುತ್ತದೆ. ತಾರುಣ್ಯದಲ್ಲಿ ಬಿದ್ದರೆ ಮೊಣಕಾಲು ತರಚಿ ಹೋಗುವದು; ಮುಪ್ಪಿನಲ್ಲಿ ಬಿದ್ದರೆ ತೊಡೆಯ ಎಲುಬಿನ ಕುತ್ತಿಗೆ ಮುರಿಯುವದು. ಮುರಿದವರು ಹಾಸಿಗೆ ಹಿಡಿದರೆ ಶ್ವಾಸಕೋಶದ ಸೋಂಕು, ಬೆನ್ನಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ತೊಡಕುಗಳು ಬೆನ್ನಟ್ಟುತ್ತವೆ.

ಎಲುಬು ಮುರಿಯದಿದ್ದರೂ ಅಂಜಿಕೆಯೆಂಬುದೊಂದು ಉಳಿಯುತ್ತದೆ. ಒಮ್ಮೆ ಬಿದ್ದವರು ಮತ್ತೆ ಬಿದ್ದೇನೆಂದು ನಡೆದಾಟವನ್ನು ಕಡಿಮೆ ಮಾಡುತ್ತಾರೆ. ನಡೆಯದ ಕಾಲು ಸೊರಗುತ್ತದೆ; ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಹೀಗೆ ಅಂಜಿಕೆಯು ತಾನು ಅಂಜಿದುದನ್ನೇ ತಂದುಕೊಡುತ್ತದೆ. ಈ ಚಕ್ರವನ್ನು ಮುರಿಯುವದೇ ನಮ್ಮ ಪಾಠದ ಮುಖ್ಯ ಉದ್ದೇಶ.

೨. ದೇಹದೊಳಗಿನ ಕಾರಣಗಳು

ನಾವು ನೆಟ್ಟಗೆ ನಿಲ್ಲುವದು ಮೂರು ಸಾಕ್ಷಿಗಳ ಬಲದಿಂದ. ಕಣ್ಣು ಸುತ್ತಲಿನದನ್ನು ಕಂಡು ಹೇಳುತ್ತದೆ. ಒಳಗಿವಿಯು ತಲೆಯ ವಾಲುವಿಕೆಯನ್ನು ಹೇಳುತ್ತದೆ. ಅಂಗಾಲು ಮತ್ತು ಕೀಲುಗಳು ನೆಲದ ಸುದ್ದಿಯನ್ನು ಹೇಳುತ್ತವೆ. ಮಿದುಳು ಈ ಮೂರನ್ನೂ ಕೂಡಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ವಯಸ್ಸಾದಂತೆ ನಾಲ್ಕೂ ಕಡೆಗಳಲ್ಲಿ ಅಷ್ಟಿಷ್ಟು ಕೊರತೆ ಬೀಳುತ್ತದೆ. ಒಂದು ಕೊರತೆಯನ್ನು ದೇಹವು ಸರಿದೂಗಿಸಿಕೊಳ್ಳಬಲ್ಲದು. ಮೂರು ನಾಲ್ಕು ಕೂಡಿದಾಗ ಸೋಲುತ್ತದೆ. ಆದುದರಿಂದ ಬೀಳುವದಕ್ಕೆ ಒಂದೇ ಕಾರಣವನ್ನು ಹುಡುಕದೆ ಕಾರಣಗಳ ಗಂಟನ್ನು ಬಿಡಿಸಬೇಕು.

ಮೊದಲನೆಯದು ಕಣ್ಣು. ಪೊರೆ ಬಂದ ಕಣ್ಣಿಗೆ ಹೊಸ್ತಿಲೂ ನೆಲವೂ ಒಂದೇ ಆಗಿ ತೋರುತ್ತವೆ. ೨೦೦೫ರಲ್ಲಿ ಪ್ರಕಟವಾದ ಇಂಗ್ಲಂಡಿನ ಅಧ್ಯಯನವೊಂದರಲ್ಲಿ, ೭೦ ಮೀರಿದ ಸ್ತ್ರೀಯರಿಗೆ ಮೊದಲ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆದಾಗ, ಸರದಿಯಲ್ಲಿ ಕಾಯುತ್ತಿದ್ದವರಿಗಿಂತ ಅವರು ಬೀಳುವ ಪ್ರಮಾಣವು ಸುಮಾರು ಮೂರನೆಯ ಒಂದು ಪಾಲು ಇಳಿಯಿತು. ‘ಪೊರೆ ಇನ್ನೂ ಹಣ್ಣಾಗಲಿ’ ಎಂದು ಕಾಯುವ ಹಳೆಯ ರೂಢಿಯನ್ನು ಬಿಡಬೇಕು. ಇನ್ನು ದೂರಕ್ಕೊಂದು, ಓದಿಗೊಂದು ಎಂದು ಎರಡು ಬಗೆಯ ಗಾಜು ಕೂಡಿದ ಕನ್ನಡಕದ ಕೆಳಪಾಲಿನಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಅದನ್ನು ಧರಿಸಿದವರು ಮೆಟ್ಟಿಲು ಇಳಿಯುವಾಗ ತಲೆಯನ್ನು ಬಗ್ಗಿಸಿ ಮೇಲುಪಾಲಿನಿಂದಲೇ ನೋಡಬೇಕು.

ಎರಡನೆಯದು ರಕ್ತದ ಒತ್ತಡ. ಮಲಗಿದವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆಗೂಡುವದುಂಟು. ನಿಂತ ೩ ನಿಮಿಷಗಳೊಳಗೆ ಒತ್ತಡದ ಮೇಲಿನ ಅಂಕಿಯು ೨೦ ಅಥವಾ ಕೆಳಗಿನ ಅಂಕಿಯು ೧೦ ಇಳಿದರೆ ವೈದ್ಯರು ಅದನ್ನು ದೋಷವೆಂದು ಪರಿಗಣಿಸುತ್ತಾರೆ. ಕುಳ್ಳಿರಿಸಿ ಮಾತ್ರ ಅಳೆದರೆ ಈ ದೋಷವು ಕಾಣುವದಿಲ್ಲ; ಮಲಗಿಸಿ, ಅನಂತರ ನಿಲ್ಲಿಸಿ ಅಳೆಯುವಂತೆ ವೈದ್ಯರನ್ನು ಕೇಳಿಕೊಳ್ಳಿರಿ. ಎಚ್ಚರವಾದ ಕೂಡಲೆ ಏಳಬಾರದು. ಪಾದಗಳನ್ನು ಹತ್ತೆಂಟು ಸಲ ಮೇಲೆ ಕೆಳಗೆ ಆಡಿಸಿ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಆಮೇಲೆ ನಿಲ್ಲಬೇಕು. ಬೇಸಿಗೆಯಲ್ಲಿ ನೀರು ಕುಡಿಯುವದು ಕಡಿಮೆಯಾದಾಗ ಈ ತೊಂದರೆಯು ಹೆಚ್ಚುತ್ತದೆ.

ಮೂರನೆಯದು ಔಷಧಗಳು. ನಿದ್ರೆಯ ಗುಳಿಗೆ, ಮನಸ್ಸನ್ನು ಶಾಂತಗೊಳಿಸುವ ಗುಳಿಗೆ, ಖಿನ್ನತೆಯ ಔಷಧ, ಮೂತ್ರ ಹೆಚ್ಚಿಸುವ ಮತ್ತು ಒತ್ತಡ ಇಳಿಸುವ ಕೆಲವು ಔಷಧಗಳು ತೂಕಡಿಕೆಯನ್ನೋ ತಲೆಸುತ್ತನ್ನೋ ತರಬಲ್ಲವು. ನ್ಯೂಜಿಲೆಂಡಿನಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ನಿದ್ರೆ ಮತ್ತು ಮನಸ್ಸಿಗೆ ಸಂಬಂಧಿಸಿದ ಗುಳಿಗೆಗಳನ್ನು ಹಂತಹಂತವಾಗಿ ಬಿಡಿಸಿದಾಗ ಬೀಳುವಿಕೆಯು ಮೂರನೆಯ ಎರಡು ಪಾಲಿನಷ್ಟು ಇಳಿಯಿತು. ಹಾಗೆಂದು ಯಾರೂ ತಮ್ಮ ಮನಸ್ಸಿಗೆ ಬಂದಂತೆ ಗುಳಿಗೆಯನ್ನು ನಿಲ್ಲಿಸತಕ್ಕದ್ದಲ್ಲ. ಥಟ್ಟನೆ ನಿಲ್ಲಿಸುವದೂ ಅಪಾಯಕರ. ಇದ್ದ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವರ್ಷಕ್ಕೊಮ್ಮೆ ಒಬ್ಬ ವೈದ್ಯರ ಮುಂದಿಟ್ಟು, ಯಾವದು ಬೇಕು, ಯಾವದು ಬೇಡವೆಂಬದನ್ನು ತಿಳಿದುಕೊಳ್ಳುವದು ಲೇಸು.

ನಾಲ್ಕನೆಯದು ಪಾದ. ಸಕ್ಕರೆ ರೋಗವು ಬಹಳ ವರ್ಷ ಇದ್ದವರಿಗೆ ಅಂಗಾಲಿನ ಸ್ಪರ್ಶವು ಮಂದವಾಗುತ್ತದೆ. ಪಾದರಕ್ಷೆ ಕಳಚಿಬಿದ್ದರೂ ಅವರಿಗೆ ತಿಳಿಯದು. ಇಂಥವರು ಸಡಿಲವಾದ ರಬ್ಬರಿನ ಚಪ್ಪಲಿಯನ್ನು ಬಿಟ್ಟು, ಹಿಮ್ಮಡಿಯ ಹಿಂದೆ ಪಟ್ಟಿಯಿರುವ, ತಳದಲ್ಲಿ ಹಿಡಿತವುಳ್ಳ ಪಾದರಕ್ಷೆಯನ್ನು ತೊಡಬೇಕು.

೩. ಮನೆಯೊಳಗಿನ ಕಾರಣಗಳು

ನಮ್ಮ ನಾಡಿನ ಮನೆಗಳನ್ನು ಮುದುಕರ ಕಣ್ಣಿನಿಂದ ಒಮ್ಮೆ ನೋಡಿರಿ. ಹಳೆಯ ಮನೆಯಾದರೆ ಎತ್ತರದ ಹೊಸ್ತಿಲು, ಅಂಗಳಕ್ಕೆ ಇಳಿಯುವ ಸಮವಿಲ್ಲದ ಕಲ್ಲುಮೆಟ್ಟಿಲು, ಹಿತ್ತಲಿನ ದೂರದ ಪಾಯಖಾನೆ. ಹೊಸ ಮನೆಯಾದರೆ ಕನ್ನಡಿಯಂತೆ ಹೊಳೆಯುವ ನೆಲ. ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಸಾಕು. ಎರಡು ಬಗೆಯ ಮನೆಗಳಿಗೂ ಸಾಮಾನ್ಯವಾದ ಅಪಾಯದ ಸ್ಥಾನವೆಂದರೆ ಬಚ್ಚಲು. ಪಾಚಿ, ಸಾಬೂನಿನ ನೊರೆ, ಹಬ್ಬದ ದಿನದ ಎಣ್ಣೆಸ್ನಾನದ ಜಿಡ್ಡು, ಇವು ಮೂರೂ ಕೂಡಿದ ಕಲ್ಲಿನ ಮೇಲೆ ತರುಣರೂ ಜಾರುವರು.

ಗೃಹಸ್ಥರು ಮಾಡತಕ್ಕ ತಿದ್ದುಪಡಿಗಳು ಬಹುಮಟ್ಟಿಗೆ ಅಲ್ಪವೆಚ್ಚದವು.

ಬಚ್ಚಲಿನಲ್ಲಿಯೂ ಪಾಯಖಾನೆಯಲ್ಲಿಯೂ ಗೋಡೆಗೆ ಭದ್ರವಾದ ಕಬ್ಬಿಣದ ಹಿಡಿಕೆಯನ್ನು ಹಾಕಿಸಬೇಕು. ಟವೆಲು ಒಣಹಾಕುವ ಸರಳು ಹಿಡಿಕೆಯಲ್ಲ; ಮೈಭಾರ ಬಿದ್ದರೆ ಅದು ಕಿತ್ತುಬರುತ್ತದೆ. ಸ್ನಾನಕ್ಕೆ ಗಟ್ಟಿಯಾದ, ಕಾಲು ಜಾರದ ಪೀಠವಿರಲಿ. ಕುಕ್ಕರುಗಾಲಿನಲ್ಲಿ ಕುಳಿತು ಏಳಲಾರದವರಿಗೆ ಎತ್ತರದ ಪಾಯಖಾನೆಯನ್ನೋ, ಇದ್ದುದರ ಮೇಲೆ ಇರಿಸುವ ಕುರ್ಚಿಯನ್ನೋ ಒದಗಿಸಬೇಕು. ಒಳಗಿನ ಅಗುಳಿಯು ಹೊರಗಿನಿಂದಲೂ ತೆರೆಯುವಂತಿದ್ದರೆ ಆಪತ್ತಿನಲ್ಲಿ ಬಾಗಿಲು ಒಡೆಯುವ ಪ್ರಸಂಗ ಬರುವದಿಲ್ಲ.

ಮಂಚದಿಂದ ಪಾಯಖಾನೆಯ ವರೆಗಿನ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ದಿಂಬಿನ ಬಳಿ ಕೈದೀಪವಿರಲಿ. ಆ ದಾರಿಯಲ್ಲಿ ಬಿಂದಿಗೆ, ಮಣೆ, ಮಕ್ಕಳ ಆಟಿಕೆ, ವಿದ್ಯುತ್ತಿನ ತಂತಿ, ಅಂಚು ಮಡಚಿದ ಚಾಪೆ ಇವು ಯಾವವೂ ಇರಬಾರದು. ಹೊಸ್ತಿಲಿನ ಮತ್ತು ಮೆಟ್ಟಿಲುಗಳ ಅಂಚಿಗೆ ನೆಲದ ಬಣ್ಣಕ್ಕಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣದ ಪಟ್ಟಿಯನ್ನು ಎಳೆಯಿರಿ. ದಿನವೂ ಬಳಸುವ ಸಾಮಾನುಗಳು ಸೊಂಟದಿಂದ ಹೆಗಲಿನೆತ್ತರದೊಳಗೆ ಸಿಗುವಂತಿರಲಿ. ಅಟ್ಟದ ಮೇಲಿನದನ್ನು ಇಳಿಸಲು ಮುದುಕರು ಸ್ಟೂಲು ಹತ್ತುವಂತಾಗಬಾರದು. ಮಂಚದ ಎತ್ತರವು ಕುಳಿತಾಗ ಪಾದಗಳು ಪೂರ್ತಿ ನೆಲಕ್ಕೆ ಊರುವಷ್ಟಿರಬೇಕು. ನೆಲಕ್ಕೆ ಎಳೆದಾಡುವ ಧೋತರದ ಚುಂಗು, ಸೀರೆಯ ನಿರಿಗೆ ಕಾಲಿಗೆ ತೊಡರುವವು. ಪಾದದ ಗಂಟಿಗಿಂತ ಮೇಲಕ್ಕೆ ಉಡುವದು ಉಚಿತ.

ಈ ಮಾತು ಮಠಗಳಿಗೂ ದೇವಾಲಯಗಳಿಗೂ ಅನ್ವಯಿಸುತ್ತದೆ. ಮೆಟ್ಟಿಲುಗಳ ಪಕ್ಕಕ್ಕೆ ಕೈಹಿಡಿಕೆಯನ್ನು ಹಾಕಿಸುವದು, ಪಾದ ತೊಳೆಯುವ ಸ್ಥಳದಲ್ಲಿ ನೀರು ನಿಲ್ಲದಂತೆ ಮಾಡುವದು, ಪ್ರಸಾದದ ಪಂಕ್ತಿಯಲ್ಲಿ ನೆಲಕ್ಕೆ ಕೂಡ್ರಲಾರದವರಿಗಾಗಿ ನಾಲ್ಕು ಕುರ್ಚಿಗಳನ್ನು ಇರಿಸುವದು, ಇವೂ ದಾಸೋಹದ ಅಂಗಗಳೇ ಆಗಿವೆ.

೪. ಬಲವನ್ನು ಮರಳಿ ಗಳಿಸುವದು

ಮನೆಯನ್ನು ತಿದ್ದಿದರೆ ಅರ್ಧ ಕೆಲಸ ಮಾತ್ರ ಆಯಿತು. ಇನ್ನರ್ಧವು ದೇಹವನ್ನು ತಿದ್ದುವದು. ಮುಪ್ಪಿನಲ್ಲಿ ಸ್ನಾಯುಗಳು ಮತ್ತೆ ಬಲಗೊಳ್ಳಲಾರವೆಂಬ ನಂಬಿಕೆಯು ಹುಸಿ. ೨೦೧೯ರಲ್ಲಿ ಕಾಕ್ರೇನ್ ಸಂಸ್ಥೆಯು ೧೦೮ ಪರೀಕ್ಷೆಗಳ ಫಲವನ್ನು ಕೂಡಿಸಿ ನೋಡಿತು. ಅವುಗಳಲ್ಲಿ ಭಾಗವಹಿಸಿದ ವೃದ್ಧರು ೨೩ ಸಾವಿರಕ್ಕೂ ಹೆಚ್ಚು. ವ್ಯಾಯಾಮದಿಂದ ಬೀಳುವಿಕೆಯ ಪ್ರಮಾಣವು ನೂರಕ್ಕೆ ೨೩ರಷ್ಟು ಇಳಿಯುವದೆಂದು ಅದರಿಂದ ಸಿದ್ಧವಾಯಿತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ೧೯೯೦ರ ದಶಕದಲ್ಲಿ ರೂಪಿಸಿದ ಕ್ರಮವು ಬಹು ಪ್ರಸಿದ್ಧವಾದುದು. ಅದನ್ನು ಮನೆಯಲ್ಲಿಯೇ ಮಾಡಬಹುದು; ವಾರಕ್ಕೆ ಮೂರು ಸಲ, ಪ್ರತಿಸಲ ಅರ್ಧ ಗಂಟೆ; ಅದರೊಡನೆ ವಾರಕ್ಕೆ ಎರಡು ಸಲವಾದರೂ ನಡಿಗೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬರಿಯ ನಡಿಗೆಯೊಂದೇ ಸಾಲದು. ಕಾಲಿನ ಬಲ ಮತ್ತು ದೇಹದ ತೂಕವನ್ನು ಸಮವಾಗಿ ಹಿಡಿಯುವ ಶಕ್ತಿ, ಇವೆರಡನ್ನೂ ಪಳಗಿಸುವ ಅಭ್ಯಾಸವೇ ಬೀಳದಂತೆ ಕಾಯುವದು. ಮನೆಯಲ್ಲಿ ಮಾಡಬಹುದಾದವು ಇಂತಿವೆ:

ಒಂದು: ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ, ಸಾಧ್ಯವಾದರೆ ಕೈಯೂರದೆ, ಎದ್ದು ನಿಂತು ಮೆಲ್ಲನೆ ಕುಳಿತುಕೊಳ್ಳುವದು. ಐದರಿಂದ ಆರಂಭಿಸಿ ಹತ್ತರ ವರೆಗೆ ಏರಿಸಬೇಕು.

ಎರಡು: ಕಟ್ಟೆಯನ್ನೋ ಕಿಟಕಿಯ ಸರಳನ್ನೋ ಹಿಡಿದು ಹಿಮ್ಮಡಿಗಳನ್ನೆತ್ತಿ ಬೆರಳುಗಳ ಮೇಲೆ ನಿಲ್ಲುವದು, ಅನಂತರ ಬೆರಳುಗಳನ್ನೆತ್ತಿ ಹಿಮ್ಮಡಿಗಳ ಮೇಲೆ ನಿಲ್ಲುವದು.

ಮೂರು: ಹಾಗೆಯೇ ಹಿಡಿದುಕೊಂಡು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವದು.

ನಾಲ್ಕು: ಒಂದು ಪಾದದ ಬೆರಳಿಗೆ ಮತ್ತೊಂದು ಪಾದದ ಹಿಮ್ಮಡಿಯನ್ನು ತಾಗಿಸಿ, ಒಂದೇ ಗೆರೆಯ ಮೇಲೆ ನಿಲ್ಲುವದು. ಇದನ್ನು ೧೦ ಸೆಕೆಂಡು ನಿಲ್ಲಲಾರದವರಿಗೆ ಬೀಳುವ ಸಂಭವವು ಹೆಚ್ಚು. ಆದುದರಿಂದ ಇದು ಅಭ್ಯಾಸವೂ ಹೌದು, ಪರೀಕ್ಷೆಯೂ ಹೌದು.

ಮತ್ತೊಂದು ಪರೀಕ್ಷೆಯಿದೆ. ಕುರ್ಚಿಯಿಂದ ಎದ್ದು, ೩ ಮೀಟರು ತಮ್ಮ ಎಂದಿನ ನಡಿಗೆಯಿಂದ ನಡೆದು, ತಿರುಗಿ ಬಂದು ಕುಳಿತುಕೊಳ್ಳಲಿ. ೧೨ ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರಗೊಳ್ಳಬೇಕು. ಪರೀಕ್ಷೆಯ ಕಾಲಕ್ಕೂ ಅಭ್ಯಾಸದ ಕಾಲಕ್ಕೂ ಮನೆಯವರೊಬ್ಬರು ಪಕ್ಕದಲ್ಲಿರಬೇಕು. ಎದೆನೋವು, ತೀವ್ರ ಉಬ್ಬಸ, ಇತ್ತೀಚಿನ ಶಸ್ತ್ರಕ್ರಿಯೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ವ್ಯಾಯಾಮಕ್ಕೆ ತಕ್ಕ ಆಹಾರವೂ ಬೇಕು. ಮುಪ್ಪಿನಲ್ಲಿ ಹಲವರು ಗಂಜಿ, ಅನ್ನ-ಸಾರು ಇಷ್ಟಕ್ಕೇ ತೃಪ್ತರಾಗುತ್ತಾರೆ. ಅದರಿಂದ ಸ್ನಾಯು ಬೆಳೆಯದು. ಬೇಳೆ, ಮೊಳಕೆಯೊಡೆದ ಹೆಸರು, ಹಾಲು, ಮೊಸರು ದಿನವೂ ಇರಲಿ. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವು ಇತರ ಧಾನ್ಯಗಳಿಗಿಂತ ಬಹಳ ಹೆಚ್ಚು. ಡಿ ಜೀವಸತ್ವದ ಕೊರತೆಯಿದ್ದವರು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಅದನ್ನು ಸೇವಿಸಬೇಕು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬದು ತಪ್ಪು. ೨೦೧೦ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯೊಂದರಲ್ಲಿ ವರ್ಷಕ್ಕೊಮ್ಮೆ ಬಹು ದೊಡ್ಡ ಪ್ರಮಾಣದಲ್ಲಿ ಅದನ್ನು ಕೊಟ್ಟಾಗ ವೃದ್ಧ ಸ್ತ್ರೀಯರು ಬೀಳುವದೂ ಎಲುಬು ಮುರಿಯುವದೂ ಹೆಚ್ಚಿದವು.

೫. ಮನೆಯವರ ಧರ್ಮ

ಈಗ ಅತ್ಯಂತ ಕಠಿಣವಾದ ಅಂಶಕ್ಕೆ ಬರೋಣ. ಎಷ್ಟೋ ಮನೆಗಳಲ್ಲಿ ನಡೆಯುವದು ಹೀಗೆ: ಅಜ್ಜಿ ಒಮ್ಮೆ ಮುಗ್ಗರಿಸುತ್ತಾಳೆ. ಗಾಬರಿಗೊಂಡ ಮಗನು ಅವಳ ಕೈಯಿಂದ ಕಸಬರಿಗೆಯನ್ನು ಕಸಿದುಕೊಳ್ಳುತ್ತಾನೆ. ಸೊಸೆಯು ನೀರಿನ ತಂಬಿಗೆಯನ್ನು ಮಂಚಕ್ಕೇ ತಂದಿಡುತ್ತಾಳೆ. ಮೊಮ್ಮಕ್ಕಳು ‘ಅಜ್ಜಿ, ನೀನು ಏಳಬೇಡ’ ಎನ್ನುತ್ತಾರೆ. ಎಲ್ಲರದೂ ಪ್ರೀತಿಯೇ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಜ್ಜಿಗೆ ಹಿಡಿದುಕೊಂಡಲ್ಲದೆ ಏಳಲಾಗುವದಿಲ್ಲ. ಬೀಳದಂತೆ ಕಾಯ್ದವರು ನಡೆಯದಂತೆ ಮಾಡಿದರು!

ಇದನ್ನು ಸೇವೆಯೆನ್ನಬಹುದೆ? ಕಾಯಕವನ್ನು ಗೌರವಿಸುವ ನಾವು ಒಬ್ಬರ ಕೈಯ ಕಾಯಕವನ್ನು ಪ್ರೀತಿಯ ಹೆಸರಿನಿಂದ ಕಿತ್ತುಕೊಳ್ಳುವದು ಸಲ್ಲದು. ಕಾಯಿಪಲ್ಲೆ ಸೋಸುವದು, ಬತ್ತಿ ಹೊಸೆಯುವದು, ಗಿಡಗಳಿಗೆ ಚಿಕ್ಕ ತಂಬಿಗೆಯಿಂದ ನೀರೆರೆಯುವದು, ಬಟ್ಟೆ ಮಡಚುವದು, ಇವು ಅವರ ಪಾಲಿಗಿರಲಿ. ಅವರು ಮಾಡಬಲ್ಲುದನ್ನು ಅವರೇ ಮಾಡಲಿ. ಮಾಡಲಾರದುದಕ್ಕೆ ಮಾತ್ರ ನಾವು ಕೈ ಕೊಡೋಣ. ನಡುವಿನದನ್ನು ಕೂಡಿ ಮಾಡೋಣ. ಇದರಲ್ಲಿ ಸ್ವಲ್ಪ ಅಪಾಯವು ಉಳಿದೇ ಉಳಿಯುತ್ತದೆ. ಆ ಅಪಾಯವೆಷ್ಟು, ಅದನ್ನು ಹೊರಬೇಕೋ ಬೇಡವೋ ಎಂಬದನ್ನು ನಿಶ್ಚಯಿಸುವಾಗ ಬುದ್ಧಿ ಸ್ಥಿಮಿತವಿರುವ ಹಿರಿಯರ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು.

ಇನ್ನೊಂದು ಮಾತು. ಬಿದ್ದುದನ್ನು ಅನೇಕ ಹಿರಿಯರು ಬಚ್ಚಿಡುತ್ತಾರೆ. ಹೇಳಿದರೆ ಬೈಗುಳು, ಇಲ್ಲವೆ ಮನೆಯೊಳಗಿನ ಸೆರೆವಾಸ! ಆದುದರಿಂದ ಬೈಯದೆ ಕೇಳಬೇಕು: ‘ಈ ವರ್ಷ ಎಲ್ಲಿಯಾದರೂ ಕಾಲು ಜಾರಿತ್ತೆ? ನಿಂತಾಗ ತೂಗಾಡಿದಂತಾಗುತ್ತದೆಯೆ? ಬಿದ್ದೇನೆಂಬ ಅಂಜಿಕೆ ಇದೆಯೆ?’ ಒಂದಕ್ಕೆ ಹೌದೆಂದರೂ ವೈದ್ಯರಲ್ಲಿ ತೋರಿಸಬೇಕು. ಹಿರಿಯರೂ ಬಿಚ್ಚುಮನಸ್ಸಿನಿಂದ ಹೇಳಿಕೊಳ್ಳಬೇಕು.

ಊರುಗೋಲನ್ನು ಹಿಡಿಯಲು ಕೆಲವರು ನಾಚುತ್ತಾರೆ. ಕೋಲು ಸೋಲಿನ ಗುರುತಲ್ಲ, ಮೂರನೆಯ ಕಾಲು. ಕೈಯನ್ನು ಇಳಿಬಿಟ್ಟು ನಿಂತಾಗ ಅದರ ತಲೆಯು ಮಣಿಕಟ್ಟಿನ ಗೆರೆಗೆ ಬರಬೇಕು. ಬಲಹೀನವಾದ ಕಾಲಿನ ಎದುರು ಪಕ್ಕದ ಕೈಯಲ್ಲಿ ಅದನ್ನು ಹಿಡಿಯಬೇಕು. ತುದಿಯ ರಬ್ಬರು ಸವೆದೊಡನೆ ಬದಲಿಸಬೇಕು. ಬಡತನದ ರೇಖೆಯ ಕೆಳಗಿನ ವೃದ್ಧರಿಗೆ ಊರುಗೋಲು, ಕನ್ನಡಕ, ಶ್ರವಣಯಂತ್ರ ಮುಂತಾದುವನ್ನು ಕೊಡುವ ಸಲುವಾಗಿ ಕೇಂದ್ರ ಸರಕಾರವು ೨೦೧೭ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ೧೪೫೬೭ ಎಂಬ ಸಂಖ್ಯೆಯು ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ.

೬. ಬಿದ್ದ ಮೇಲೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಬೀಳುವದುಂಟು. ಆಗ ಧಾವಂತದಿಂದ ಏಳಬಾರದು. ಇತರರೂ ರಟ್ಟೆ ಹಿಡಿದು ಜಗ್ಗಬಾರದು. ಒಂದೆರಡು ನಿಮಿಷ ಸುಮ್ಮನಿದ್ದು ಎಲ್ಲಿ ನೋವಿದೆಯೆಂದು ನೋಡಿಕೊಳ್ಳಬೇಕು. ತೀವ್ರ ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕೈಯೂರಿ, ಅಂಬೆಗಾಲಿನಿಂದ ಹತ್ತಿರದ ಮಂಚಕ್ಕೋ ಕುರ್ಚಿಗೋ ಸಾಗಬೇಕು. ಎರಡೂ ಕೈಗಳನ್ನು ಅದರ ಮೇಲೂರಿ, ಬಲವಾದ ಕಾಲನ್ನು ಮುಂದಿಟ್ಟು ಎದ್ದು, ತಿರುಗಿ ಕುಳಿತುಕೊಳ್ಳಬೇಕು. ಈ ಕ್ರಮವನ್ನು ಬೀಳುವ ಮೊದಲೇ ಮನೆಯವರ ಸಮಕ್ಷಮದಲ್ಲಿ ಕಲಿತಿರುವದು ಮೇಲು. ಏಳಲಾಗದಿದ್ದರೆ ಕೂಗಿಯೋ ನೆಲ ಬಡಿದೋ ಕರೆಯಬೇಕು. ಕೈಕಾಲುಗಳನ್ನು ಆಡಿಸುತ್ತ, ಸಿಕ್ಕ ಬಟ್ಟೆಯಿಂದ ಮೈಯನ್ನು ಬೆಚ್ಚಗಿಟ್ಟುಕೊಳ್ಳಬೇಕು. ಒಬ್ಬಂಟಿಯಾಗಿರುವವರು ದೂರವಾಣಿಯನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳುವದು ಯುಕ್ತ.

ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ತೊಡೆಯ ಸಂದು ಮುರಿದಿರುವ ಸಂಭವವುಂಟು. ಆಗ ನಿಲ್ಲಿಸುವ ಪ್ರಯತ್ನ ಬೇಡ. ಎಣ್ಣೆ ನೀವಿ, ಪಟ್ಟು ಕಟ್ಟಿ ದಿನಗಳೆಯುವದೂ ಬೇಡ. ಇಂಥ ಮುರಿತಕ್ಕೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಮಾರ್ಗ. ಅದು ಒಂದೆರಡು ದಿನಗಳೊಳಗೆ ಆಗಿ, ರೋಗಿಯು ಬೇಗನೆ ಎದ್ದು ಹೆಜ್ಜೆಯಿಟ್ಟಷ್ಟೂ ಗುಣ ಹೆಚ್ಚು. ತಲೆಗೆ ಪೆಟ್ಟು ಬಿದ್ದವರು, ಅದರಲ್ಲಿಯೂ ರಕ್ತವನ್ನು ತೆಳ್ಳಗೆ ಮಾಡುವ ಔಷಧ ಸೇವಿಸುವವರು, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಎಚ್ಚರ ತಪ್ಪಿ ಬಿದ್ದಿದ್ದರೆ, ಮುಖ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

೭. ಸಾರ ಮತ್ತು ಮನನ

ಬೀಳುವದು ವಯಸ್ಸಿನ ಶಾಪವಲ್ಲ, ಕಾರಣಗಳ ಕೂಟ. ಕಾರಣವಿದ್ದಲ್ಲಿ ಉಪಾಯವುಂಟು. ಕಣ್ಣು, ಔಷಧ, ಒತ್ತಡ, ಪಾದ ಇವುಗಳ ಪರೀಕ್ಷೆ, ಮನೆಯ ತಿದ್ದುಪಡಿ, ದೇಹದ ಅಭ್ಯಾಸ, ಮನೆಯವರ ವಿವೇಕ, ಈ ನಾಲ್ಕು ಕೂಡಿದರೆ ಎಷ್ಟೋ ಹಿರಿಯರು ತಮ್ಮ ಕಾಲ ಮೇಲೆ ತಾವು ನಿಂತು ತಮ್ಮ ಪೂಜೆ, ತಮ್ಮ ಪ್ರಸಾದ, ತಮ್ಮ ಕಾಯಕಗಳನ್ನು ಕೊನೆಯ ವರೆಗೂ ನಡೆಯಿಸಬಲ್ಲರು.

ಸದ್ಭಕ್ತರು ಮನೆಮಂದಿಯೆಲ್ಲ ಕೂಡಿ ಕುಳಿತು ಈ ಪ್ರಶ್ನೆಗಳನ್ನು ವಿಚಾರಿಸಲಿ:

(೧) ನಮ್ಮ ಬಚ್ಚಲಿನಲ್ಲಿ ಕಾಲು ಜಾರಿದವರು ಹಿಡಿಯಲು ಏನಿದೆ?

(೨) ಮಂಚದಿಂದ ಪಾಯಖಾನೆಯ ವರೆಗೆ ಕಣ್ಣು ಮುಚ್ಚಿ ನಡೆದರೆ ಏನೇನು ತೊಡರುತ್ತದೆ?

(೩) ನಮ್ಮ ಹಿರಿಯರು ಎಷ್ಟು ಗುಳಿಗೆಗಳನ್ನು ಸೇವಿಸುತ್ತಾರೆ? ಅವೆಲ್ಲವನ್ನೂ ಒಬ್ಬ ವೈದ್ಯರು ಒಟ್ಟಾಗಿ ನೋಡಿದ್ದಾರೆಯೆ?

(೪) ಅವರ ಕೈಯಿಂದ ನಾವು ಯಾವ ಕೆಲಸವನ್ನು ಕಸಿದುಕೊಂಡಿದ್ದೇವೆ? ಅದನ್ನು ಮರಳಿ ಕೊಡುವ ಬಗೆ ಯಾವದು?

ಮೊದಲಿನ ಮೂರು ಪ್ರಶ್ನೆಗಳಿಗೆ ಒಂದು ವಾರದಲ್ಲಿ ಉತ್ತರ ದೊರೆಯುವದು. ನಾಲ್ಕನೆಯದನ್ನು ಹಿರಿಯರನ್ನೇ ಕೇಳಿ, ಅವರು ಹೇಳಿದಂತೆ ಮಾಡಿರಿ.